ಬೊಟ್ಟು ಮಾಡಿ ತೋರಿಸಿ: ರಾಕ್, ರ‍್ಯಾಪ್, ಎಲೆಕ್ಟ್ರಾನಿಕ್ ಆಲ್ಬಮ್ ಕೇಳಿ ಅಭಿಪ್ರಾಯ ಬರೆಯುವ ಬಗೆ

‘ಕಿಡ್ ಎ’ ಮೊದಲ ಸಲ ಕೇಳಿದ ದಿನ ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದು ಒಂದೇ ಪದ: ‘ಬೋರು’. ಫೋನಿನ ಸ್ಪೀಕರಿನಲ್ಲಿ, ಪಾತ್ರೆ ತೊಳೆಯುತ್ತಾ, ಹಾಡುಗಳ ಕ್ರಮ ಕಲಸಿಬಿಡುವ ಶಫಲ್ ಹಾಕಿಕೊಂಡು ಕೇಳಿದ್ದೆ. ರೇಡಿಯೊಹೆಡ್ ತಂಡ 2000ದಲ್ಲಿ ತಂದ ಈ ಆಲ್ಬಮ್ ಮೇಲೆ ನನಗೆ ಒಂದಿಷ್ಟು ಸಿಟ್ಟೂ ಇತ್ತು. 1997ರ ‘ಓಕೆ ಕಂಪ್ಯೂಟರ್’ನ ಗಿಟಾರುಗಳ ರುಚಿ ಹತ್ತಿದವನಿಗೆ ಇಲ್ಲಿ ಸಿಕ್ಕಿದ್ದು ಕೀಬೋರ್ಡು, ಚೂರುಚೂರಾಗಿ ಕತ್ತರಿಸಿದ ದನಿ. ಬೋರಾಗಿದ್ದು ಸುಳ್ಳಲ್ಲ. ಆದರೆ ಯಾಕೆ ಬೋರಾಯಿತು ಎಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.

ಆಲ್ಬಮ್ ಹಿಡಿಸಲಿ, ಬಿಡಲಿ, ‘ಯಾಕೆ’ ಎಂದವರಿಗೆ ಒಂದು ಜಾಗ ತೋರಿಸುವಂತಿರಬೇಕು: ಇಂಥ ಟ್ರ್ಯಾಕು, ಇಷ್ಟನೇ ನಿಮಿಷ, ಈ ಸದ್ದು. ಹಾಗೆ ಬೊಟ್ಟು ಮಾಡಲಾಗದ ಮಾತನ್ನು ನಾನೀಗ ಬರೆಯುವುದಿಲ್ಲ. ಅಲ್ಲಿಗೆ ಬರಲು ನಾನು ಹಿಡಿದ ದಾರಿ ಕೆಳಗಿದೆ. ಒಂದು ಆಲ್ಬಮ್ಮನ್ನು ಮೂರು ಸಲ ಕೇಳುವಷ್ಟು ಪುರುಸೊತ್ತು ಬೇಕು. ಅಷ್ಟಿಲ್ಲದಿದ್ದರೆ ಆ ಆಲ್ಬಮ್ ಬಗ್ಗೆ ಸುಮ್ಮನಿರಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

1. ಪ್ಲೇ ಒತ್ತುವ ಮುಂಚೆ

ಶಫಲ್ ಆಫ್ ಮಾಡಿ. ಹಾಡುಗಳ ಕ್ರಮವೂ ಆಲ್ಬಮ್ಮಿನ ಒಂದು ಭಾಗ. 2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಸ್ಪಾಟಿಫೈ ಕೂಡ ಆಲ್ಬಮ್ಮುಗಳು ತಾನಾಗಿಯೇ ಶಫಲ್ ಆಗುವ ಏರ್ಪಾಟನ್ನು ಕೈಬಿಟ್ಟಿತು. ಒಂದು ಹಾಡನ್ನು ಇನ್ನೊಂದರೊಳಕ್ಕೆ ಕರಗಿಸುವ ಕ್ರಾಸ್‌ಫೇಡ್ ಸೆಟ್ಟಿಂಗನ್ನೂ ತೆಗೆಯಿರಿ. ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973) ಹಾಡಿನಿಂದ ಹಾಡಿಗೆ ತಾನೇ ಹರಿದು ಹೋಗುತ್ತದೆ. ಅಂಥ ಕಡೆ ನಡುವೆ ಅರ್ಧ ಸೆಕೆಂಡಿನ ಖಾಲಿ ಬಿದ್ದರೂ ತಪ್ಪು, ಆ್ಯಪ್ ತನ್ನ ಪಾಡಿಗೆ ಬೆಸುಗೆ ಹಾಕಿದರೂ ತಪ್ಪು.

ಡಿಲಕ್ಸ್ ಆವೃತ್ತಿಯಾಗಿದ್ದರೆ ಮೂಲ ಆಲ್ಬಮ್ ಎಲ್ಲಿಗೆ ಮುಗಿಯುತ್ತದೆ ಎಂದು ನೋಡಿಕೊಳ್ಳಿ. ಡೆಮೊ, ಲೈವ್ ಎಂದು ಬಾಲ ಅಂಟಿಸಿರುತ್ತಾರೆ. ಮೊದಲ ಮೂರು ಸಲ ಆ ಬಾಲ ಬೇಡ.

ಇನ್ನು ಸ್ಪೀಕರ್. ದುಬಾರಿ ಹೆಡ್‌ಫೋನ್ ಬೇಕೆಂದಿಲ್ಲ, ಆದರೆ ಫೋನಿನ ಸ್ಪೀಕರ್ ಮಾತ್ರ ಬೇಡ. ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಮಷೀನ್ ಅರ್ಧ ರ‍್ಯಾಪ್ ಲೋಕದ ಅಡಿಪಾಯ. ಅದರ ಕಿಕ್ (ದೊಡ್ಡ ಡ್ರಮ್ಮಿನ ‘ಧಂ’) ಸದ್ದಿನ ತಿರುಳಿರುವುದು ಸುಮಾರು 50 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ತೀರಾ ತಗ್ಗಿನ ಸ್ವರದಲ್ಲಿ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಗಾಳಿ ತಳ್ಳುವ ಶಕ್ತಿಯಿಲ್ಲ. ನಿಮಗೆ ಕೇಳುವುದು ಮೇಲಿನ ಟಕ್‌ಟಕ್ ಮಾತ್ರ. ಆಮೇಲೆ ‘ಬೀಟ್ ತೆಳುವಾಗಿದೆ’ ಎಂದು ಬರೆದರೆ ನೀವು ನಿಮ್ಮ ಫೋನನ್ನು ವಿಮರ್ಶೆ ಮಾಡಿದ ಹಾಗೆ.

ವಾಲ್ಯೂಮ್ ವಿಷಯದಲ್ಲಿ ಕಿವಿ ನಮಗೆ ಮೋಸ ಮಾಡುತ್ತದೆ. ಒಂದೇ ಹಾಡನ್ನು ಎರಡು ಸಲ ಹಾಕಿ, ಎರಡನೆಯದನ್ನು ತುಸು ಜೋರು ಮಾಡಿದರೆ ಹೆಚ್ಚಿನವರು ಎರಡನೆಯದೇ ಚೆನ್ನಾಗಿದೆ ಎನ್ನುತ್ತಾರೆ. ಇದೇ ಆಸೆಗೆ ಬಿದ್ದು ಸ್ಟುಡಿಯೊಗಳು ವರ್ಷದಿಂದ ವರ್ಷಕ್ಕೆ ಆಲ್ಬಮ್ಮುಗಳನ್ನು ಜೋರು ಮಾಡುತ್ತಾ ಹೋದವು. ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ (2008) ಇದರ ಕುಖ್ಯಾತ ಉದಾಹರಣೆ. ‘ಗಿಟಾರ್ ಹೀರೊ’ ವಿಡಿಯೊ ಗೇಮಿಗೆ ಕೊಟ್ಟ ಅದೇ ಹಾಡುಗಳು ಸಿಡಿಯಲ್ಲಿದ್ದುದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದವು, ಅಂದರೆ ಮೆಲುದನಿಗೂ ಜೋರಿಗೂ ಅಂತರ ಉಳಿದಿತ್ತು, ಅಭಿಮಾನಿಗಳೇ ಅದನ್ನು ಪತ್ತೆ ಮಾಡಿದರು. ನನಗಂತೂ ಆ ಆಲ್ಬಮ್ಮಿನ ಹಾಡುಗಳು ಇಷ್ಟ, ಆದರೆ ನಾಲ್ಕನೆಯ ಹಾಡಿಗೆ ಕಿವಿ ದಣಿಯುತ್ತದೆ. ಎರಡು ಆಲ್ಬಮ್ ಹೋಲಿಸುವಾಗ ವಾಲ್ಯೂಮ್ ಸರಿಸಮ ಮಾಡಿಕೊಂಡೇ ಹೋಲಿಸಿ.

2. ಮೊದಲ ಸಲ: ಪೆನ್ನು ದೂರ

ನಿಲ್ಲಿಸಬೇಡಿ, ಹಿಂದೆ ಹೋಗಬೇಡಿ, ಸಾಹಿತ್ಯ ಓದಬೇಡಿ, ಬೇರೆಯವರ ವಿಮರ್ಶೆಯಂತೂ ಬೇಡವೇ ಬೇಡ. ಮುಗಿದ ಮೇಲೆ ಹತ್ತು ನಿಮಿಷ ಬಿಟ್ಟು, ಕಿವಿಯಲ್ಲಿ ಉಳಿದ ಮೂರು ವಿಷಯ ಬರೆದಿಡಿ. ಅಷ್ಟೇ. ಇಲ್ಲಿ ಬೊಟ್ಟು ಮಾಡುವ ನಿಯಮಕ್ಕೂ ರಜೆ. ‘ಎರಡನೇ ಹಾಡಿನಲ್ಲಿ ಏನೋ ಗಂಟೆಯಂಥದ್ದು’ ಎಂದು ಬರೆದರೂ ಸಾಕು.

3. ಎರಡನೆಯ ಸಲ: ಪ್ರಕಾರಕ್ಕೊಂದು ಕಿವಿ

ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ. ರಾಕ್ ಕೇಳಿ ಬೆಳೆದವರು ರ‍್ಯಾಪಿನಲ್ಲಿ ರಾಗ ಹುಡುಕಿ ನಿರಾಶರಾಗುತ್ತಾರೆ. ರ‍್ಯಾಪ್ ಪ್ರಿಯರು ಎಲೆಕ್ಟ್ರಾನಿಕ್ ಕೇಳಿ ‘ಮಾತೆಲ್ಲಿ?’ ಎನ್ನುತ್ತಾರೆ. ಆ ಸಂಗೀತ ಏನು ಕೊಡಲು ಹೊರಟಿದೆಯೋ ಅದನ್ನು ಬಿಟ್ಟು ಬೇರೆಯದನ್ನು ಕೇಳಿದರೆ ಸಿಗುವುದಾದರೂ ಹೇಗೆ?

ರಾಕ್‌ನಲ್ಲಿ ನಾನು ಮೊದಲು ಕಿವಿಗೊಡುವುದು ಡ್ರಮ್ ಯಾವ ಕೋಣೆಯಲ್ಲಿದೆ ಎಂಬುದಕ್ಕೆ. ಇದನ್ನು ಕಲಿಯಲು ಸುಲಭದ ಅಭ್ಯಾಸವೊಂದಿದೆ. ನಿರ್ವಾಣ ತಂಡದ ‘ನೆವರ್‌ಮೈಂಡ್’ (1991) ಮತ್ತು ‘ಇನ್ ಯೂಟೆರೊ’ (1993) ಒಂದರ ಹಿಂದೊಂದು ಹಾಕಿ. ತಂಡ ಅದೇ, ಡ್ರಮ್ಮರ್ ಡೇವ್ ಗ್ರೋಲ್ ಅವರೇ. ಮೊದಲನೆಯದರ ನಿರ್ಮಾಪಕ ಬುಚ್ ವಿಗ್, ಎಲ್ಲ ಸದ್ದುಗಳನ್ನು ಹದವಾಗಿ ಸೇರಿಸಿ ಮಿಕ್ಸ್ ಮಾಡಿದ್ದು ಆ್ಯಂಡಿ ವಾಲೇಸ್. ಸ್ನೇರ್ ಎಂಬ, ಚಟ್ಟನೆ ಸಿಡಿಯುವ ಚಿಕ್ಕ ಡ್ರಮ್ಮಿನ ಪ್ರತಿ ಏಟೂ ಪಾಲಿಶ್ ಹಾಕಿದಂತೆ ಹೊಳೆಯುತ್ತದೆ. ಎರಡನೆಯದನ್ನು ಸ್ಟೀವ್ ಅಲ್ಬಿನಿ ರೆಕಾರ್ಡ್ ಮಾಡಿದರು. ಡ್ರಮ್ ಬಡಿದಾಗ ಸುತ್ತಲಿನ ಗೋಡೆಗಳೂ ಕೇಳಿಸುತ್ತವೆ. ಈ ವ್ಯತ್ಯಾಸ ಒಮ್ಮೆ ಕಿವಿಗೆ ಬಿದ್ದರೆ ‘ಕಚ್ಚಾ ಸದ್ದು’, ‘ನಯವಾದ ಸದ್ದು’ ಎಂಬ ಮಾತುಗಳಿಗೆ ಅರ್ಥ ಬರುತ್ತದೆ. ನನ್ನ ಮತ ‘ಇನ್ ಯೂಟೆರೊ’ಗೆ.

ಆಮೇಲೆ ದನಿಯನ್ನು ಮಿಕ್ಸಿನಲ್ಲಿ ಎಲ್ಲಿಟ್ಟಿದ್ದಾರೆ ನೋಡಿ. ಮೈ ಬ್ಲಡಿ ವ್ಯಾಲೆಂಟೈನ್‌ನ ‘ಲವ್‌ಲೆಸ್’ (1991) ನಾಲ್ಕು ಡ್ರಮ್ ಏಟಿನಿಂದ ಶುರುವಾಗಿ ಗಿಟಾರಿನ ಅಲೆ ಮೈಮೇಲೆ ಬೀಳುತ್ತದೆ. ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ತಂತಿ ಮೀಟುವಾಗಲೇ ತಂತಿಯ ಬಿಗಿ ಬದಲಿಸುವ ಟ್ರೆಮೊಲೊ ಹಿಡಿಯನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದರು, ಹಾಗಾಗಿ ಸ್ವರ ಒಂದೆಡೆ ನಿಲ್ಲದೆ ತೇಲುತ್ತದೆ. ಹಾಡುವ ದನಿ ಈ ಮಂಜಿನ ಒಳಗೆಲ್ಲೋ ಇದೆ. ‘ಪದಗಳೇ ಕೇಳಿಸುವುದಿಲ್ಲ’ ಎಂಬುದು ಈ ಆಲ್ಬಮ್ ಬಗ್ಗೆ ಸರಿಯಾದ ವರದಿ, ಆದರೆ ದೂರಲ್ಲ. ಅಲ್ಲಿ ದನಿಯೂ ಒಂದು ವಾದ್ಯ.

ರ‍್ಯಾಪಿಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ‘ಬರೀ ಮಾತು, ಹಾಡೆಲ್ಲಿ’ ಎಂದು ಹತ್ತು ವರ್ಷ ದೂರವಿಟ್ಟು ಮೂರ್ಖನಾದವನು ನಾನು.

ಮೊದಲು ನಾಲ್ಕು ಎಣಿಸಿ. ಬೆರಳಲ್ಲಿ ತಟ್ಟುತ್ತಾ ಒಂದು-ಎರಡು-ಮೂರು-ನಾಲ್ಕು. ಸ್ನೇರ್ ಸಾಮಾನ್ಯವಾಗಿ ಎರಡಕ್ಕೂ ನಾಲ್ಕಕ್ಕೂ ಬೀಳುತ್ತದೆ. ಈಗ ರ‍್ಯಾಪರ್ ಸಾಲನ್ನು ಎಲ್ಲಿ ಮುಗಿಸುತ್ತಾರೆ ಗಮನಿಸಿ. ಪ್ರತಿ ಸಾಲೂ ನಾಲ್ಕರ ಮೇಲೆಯೇ ಮುಗಿದು ಅಲ್ಲೇ ಪ್ರಾಸ ಬಿದ್ದರೆ ಅದು ಹಳೆಯ, ಸರಳ ಶೈಲಿ. ಅಂತ್ಯಪ್ರಾಸ ನಮಗೆ ಗೊತ್ತಿರುವುದೇ. ಎರಿಕ್ ಬಿ ಮತ್ತು ರಾಕಿಮ್ ಜೋಡಿಯ ‘ಪೇಯ್ಡ್ ಇನ್ ಫುಲ್’ (1987) ಕೇಳಿದರೆ ರಾಕಿಮ್ ಈ ಬೇಲಿ ಹಾರಿದ್ದು ತಿಳಿಯುತ್ತದೆ: ಪ್ರಾಸ ಸಾಲಿನ ನಡುವೆಯೂ ಬರುತ್ತದೆ, ವಾಕ್ಯ ನಾಲ್ಕನ್ನು ದಾಟಿ ಮುಂದಿನ ಸುತ್ತಿನೊಳಗೆ ನುಗ್ಗುತ್ತದೆ. ಎಂಎಫ್ ಡೂಮ್ ಮತ್ತು ಮ್ಯಾಡ್‌ಲಿಬ್ ಸೇರಿ ಮಾಡಿದ ‘ಮ್ಯಾಡ್‌ವಿಲನಿ’ (2004) ಹೊತ್ತಿಗೆ ಒಂದೊಂದು ಪ್ರಾಸವೂ ಮೂರು ನಾಲ್ಕು ಅಕ್ಷರಗಳಷ್ಟು ಉದ್ದ, ಪಲ್ಲವಿ ಎಂಬುದು ಹೆಚ್ಚುಕಡಿಮೆ ಮಾಯ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಟ್ಟವರು. ಪ್ರಾಸ ಸಾಲಿನ ಕೊನೆಯಲ್ಲೇ ಇರಬೇಕೆಂಬ ಹಟ ನಮಗಂತೂ ಇರಬಾರದು.

ಆಮೇಲೆ ಉಸಿರು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಬೇಕೆಂದೇ ತಡ ಮಾಡುತ್ತಾರೆ? ನ್ಯಾಸ್ ಅವರ ಮೊದಲ ಆಲ್ಬಮ್ ‘ಇಲ್‌ಮ್ಯಾಟಿಕ್’ (1994) ತೆಗೆದುಕೊಳ್ಳಿ. ಆಗ ಅವರಿಗೆ ವಯಸ್ಸು 20. ಹತ್ತೇ ಟ್ರ್ಯಾಕು, ಒಟ್ಟು 40 ನಿಮಿಷದ ಒಳಗೆ. ಅದರ ಎರಡನೆಯ ಟ್ರ್ಯಾಕಿನಲ್ಲಿ ಬೀಟ್ ಕಟ್ಟಿದ ಡಿಜೆ ಪ್ರೀಮಿಯರ್ ಅವರ ಪಿಯಾನೊ ಲೂಪ್ (ಮರಳಿ ಮರಳಿ ಬರುವ ತುಣುಕು) ಸುತ್ತುತ್ತಿರುತ್ತದೆ, ನ್ಯಾಸ್ ಒಂದೆರಡು ಮಾತಾಡಿ, ಇದನ್ನು ಹೇಗೆ ಶುರು ಮಾಡಬೇಕೋ ಗೊತ್ತಿಲ್ಲ ಎನ್ನುತ್ತಾರೆ. ಮರುಕ್ಷಣ ಶುರು ಮಾಡಿಯೇ ಬಿಡುತ್ತಾರೆ. ಆ ತಡವರಿಕೆಯನ್ನು ರೆಕಾರ್ಡಿನಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ಅದನ್ನು ಕೇಳಿಸಿಕೊಂಡ ಮೇಲೆ ಮುಂದಿನ ಸಾಲುಗಳ ಸುರಿಮಳೆ ಬೇರೆಯೇ ಆಗಿ ಕೇಳುತ್ತದೆ. ಮೈಕಿನ ಮುಂದೆ ನಿಂತ ಹುಡುಗನನ್ನು ನೋಡಿದ ಹಾಗೆ.

ಪದಗಳ ಅರ್ಥವನ್ನು ಈಗ ಓದಬಹುದು, ಎರಡನೆಯ ಸಲ ಮುಗಿದ ಮೇಲೆ. ಆಡುಮಾತು, ಬೀದಿಯ ಹೆಸರು, ಹಳೆಯ ಜಗಳಗಳ ಉಲ್ಲೇಖ ನಮಗೆ ತಿಳಿಯುವುದಿಲ್ಲ, ಅದರಲ್ಲಿ ನಾಚಿಕೆಯೇನಿಲ್ಲ. ಬೈಗುಳ, ಹೆಂಗಸರ ಬಗ್ಗೆ ಹಗುರ ಮಾತು ಬಂದರೆ ಅದನ್ನೂ ಬರೆಯಿರಿ. ‘ಕುಸುರಿ ಚೆನ್ನಾಗಿದೆ, ಈ ಮಾತು ಸಹಿಸಲಾಗಲಿಲ್ಲ’ ಎಂದು ಎರಡನ್ನೂ ಒಂದೇ ಪ್ಯಾರಾದಲ್ಲಿ ಬರೆದರೆ ಯಾರೂ ಕೇಸು ಹಾಕುವುದಿಲ್ಲ.

ರ‍್ಯಾಪ್ ಮತ್ತು ಎಲೆಕ್ಟ್ರಾನಿಕ್ ನಡುವಿನ ಸೇತುವೆ ಸ್ಯಾಂಪಲ್. ಹಳೆಯ ರೆಕಾರ್ಡಿನ ಒಂದು ತುಣುಕು ಕತ್ತರಿಸಿ ಹೊಸದರಲ್ಲಿ ಕೂರಿಸುವುದು. 1969ರಲ್ಲಿ ದ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಂದು ಹಾಡಿನ ನಡುವೆ ಬಾರಿಸಿದ ಸುಮಾರು ಏಳು ಸೆಕೆಂಡಿನ ಡ್ರಮ್ ತುಣುಕು ‘ಆಮೆನ್ ಬ್ರೇಕ್’ ಎಂದೇ ಪ್ರಸಿದ್ಧ. ನಿಧಾನ ಮಾಡಿದರೆ ರ‍್ಯಾಪಿಗೆ ಬೀಟ್, ವೇಗ ಮಾಡಿ ಚೂರು ಮಾಡಿದರೆ ಜಂಗಲ್ ಎಂಬ ಇಡೀ ಎಲೆಕ್ಟ್ರಾನಿಕ್ ಪ್ರಕಾರಕ್ಕೆ ಬೆನ್ನೆಲುಬು. 1991ರಲ್ಲಿ ಬಿಜ಼್ ಮಾರ್ಕಿ ಎಂಬ ರ‍್ಯಾಪರ್ ಬಳಸಿದ ಒಂದು ಸ್ಯಾಂಪಲ್ ಕುರಿತು ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಅನುಮತಿಯಿಲ್ಲದೆ ತುಣುಕು ಬಳಸುವುದು ಅಪಾಯದ ಕೆಲಸವಾಯಿತು. ಪಬ್ಲಿಕ್ ಎನಿಮಿ ತಂಡ 1988ರಲ್ಲಿ ಮಾಡಿದಂತೆ ಒಂದರ ಮೇಲೊಂದು ಹತ್ತಾರು ತುಣುಕು ಪೇರಿಸುವ ಆಲ್ಬಮ್ಮುಗಳು ಆಮೇಲೆ ಯಾಕೆ ವಿರಳವಾದವು ಎಂದು ಯೋಚಿಸುವಾಗ ಇದು ನೆನಪಿರಲಿ. ಕೆಲವೊಮ್ಮೆ ಶೈಲಿ ಬದಲಾಗಲು ಕಾರಣ ವಕೀಲರು.

ಸ್ಯಾಂಪಲ್ ಗುರುತಿಸಿದ ಕೂಡಲೇ ‘ಕದ್ದದ್ದು’ ಎನ್ನಬೇಡಿ. ಆ ತುಣುಕಿಗೆ ಏನು ಮಾಡಿದ್ದಾರೆ ಎಂದು ಕೇಳಿ. ‘ಕಿಡ್ ಎ’ಯ ಎಂಟನೆಯ ಟ್ರ್ಯಾಕಿನ ಸ್ವರಗುಚ್ಛ, ಪಾಲ್ ಲ್ಯಾನ್ಸ್‌ಕಿ 1973ರಲ್ಲಿ ಕಂಪ್ಯೂಟರ್ ಬಳಸಿ ರಚಿಸಿದ ದೀರ್ಘ ಕೃತಿಯೊಂದರ ಕೆಲವೇ ಸೆಕೆಂಡು. ಮೂಲದಲ್ಲಿ ಅದು ಬಂದು ಹೋಗುತ್ತದೆ. ಇಲ್ಲಿ ಅದೇ ಸುತ್ತಿ ಸುತ್ತಿ, ಕೆಳಗೆ ಗಡಸು ಬೀಟ್ ಸೇರಿ, ಆತಂಕದ ಹಾಡಾಗಿದೆ.

ಎಲೆಕ್ಟ್ರಾನಿಕ್ ಆಲ್ಬಮ್ಮಿಗೆ ನನ್ನ ಉಪಾಯ ಇದು: ಒಂದೇ ಪದರವನ್ನು ಹಿಡಿದು ಕೊನೆಯವರೆಗೂ ಅದರ ಬೆನ್ನು ಹತ್ತಿ. ಉದಾಹರಣೆಗೆ ಹೈ-ಹ್ಯಾಟ್ ಎಂಬ ಜೋಡಿ ತಾಳದ ‘ತ್ಸ್ ತ್ಸ್’. ಅದು ಯಾವಾಗ ಬಂತು, ಯಾವಾಗ ಮರೆಯಾಯಿತು, ವಾಪಸ್ಸು ಬಂದಾಗ ಜೊತೆಗೆ ಯಾರನ್ನು ಕರೆದುಕೊಂಡು ಬಂತು? ನೃತ್ಯಕ್ಕೆಂದು ಮಾಡಿದ ಟ್ರ್ಯಾಕಿನಲ್ಲಿ ಎಂಟು ಅಥವಾ ಹದಿನಾರು ಸುತ್ತಿಗೊಮ್ಮೆ ಏನೋ ಒಂದು ಸೇರುತ್ತದೆ ಇಲ್ಲವೇ ಕಳಚುತ್ತದೆ. ಅದೇ ಅಲ್ಲಿನ ಕಥೆ. ಡ್ಯಾಫ್ಟ್ ಪಂಕ್ ಜೋಡಿಯ ‘ಹೋಮ್‌ವರ್ಕ್’ (1997) ಆಲ್ಬಮ್ಮಿನಲ್ಲಿ ಏಳು ನಿಮಿಷಗಳ ಉದ್ದಕ್ಕೂ ಮೂರೇ ಪದ ಹಾಡುವ ಟ್ರ್ಯಾಕ್ ಇದೆ. ಪದಗಳನ್ನು ಕೈಬಿಟ್ಟು ಬೇಸ್ ಗಿಟಾರಿನ ಬೆನ್ನು ಹತ್ತಿ ನೋಡಿ, ಹಾಡುತ್ತಿರುವುದು ಅದು.

ಬೀಟೇ ಇಲ್ಲದ ಆಲ್ಬಮ್ಮುಗಳೂ ಇವೆ. ಬ್ರಯಾನ್ ಈನೊ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನ ಒಂದು ಭಾಗದಲ್ಲಿ ಒಂದೊಂದೇ ಸ್ವರ ಹಾಡಿದ ದನಿಗಳನ್ನು ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳಲ್ಲಿ ಬಿಟ್ಟರು. ಒಂದು ಸುಮಾರು 23 ಸೆಕೆಂಡಿಗೊಮ್ಮೆ ಬರುತ್ತದೆ, ಇನ್ನೊಂದು 26ರ ಹತ್ತಿರ, ಮತ್ತೊಂದು 30ರ ಹತ್ತಿರ. ಉದ್ದಗಳು ಒಂದಕ್ಕೊಂದು ತಾಳೆಯಾಗದ ಕಾರಣ ಅವು ಪ್ರತಿ ಸಲ ಹೊಸ ಜೋಡಣೆಯಲ್ಲಿ ಎದುರಾಗುತ್ತವೆ. ಗಡಿಯಾರ ಹಿಡಿದು ಒಂದು ಸ್ವರಕ್ಕೆ ಕಾಯಿರಿ, ಮಜಾ ಇದೆ. ‘ಏನೂ ಆಗುವುದಿಲ್ಲ’ ಎಂದು ಬರೆಯುವ ಮೊದಲು ಇಷ್ಟು ಮಾಡಿ. ಆಮೇಲೂ ಬೇಸರ ಬಂದರೆ ಧೈರ್ಯವಾಗಿ ಬರೆಯಿರಿ.

4. ಮೂರನೆಯ ಸಲ: ಹೊಲಿಗೆ ನೋಡಿ

ಈಗ ಬಿಡಿ ಹಾಡುಗಳನ್ನು ಮರೆತು ಅವುಗಳ ನಡುವಿನ ಹೊಲಿಗೆಗೆ ಕಿವಿ ಕೊಡಿ. ಇದು ಯಾಕೆ ಐದನೆಯದು? ಕೊನೆಯದು ಮೊದಲನೆಯದಕ್ಕೆ ಏನಾದರೂ ಹೇಳುತ್ತದೆಯೇ? ಪಿಂಕ್ ಫ್ಲಾಯ್ಡ್‌ನ ಆಲ್ಬಮ್ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಎಲ್‌ಪಿ ಕಾಲದ ಆಲ್ಬಮ್ ಆಗಿದ್ದರೆ ಮೊದಲ ಬದಿ ಎಲ್ಲಿ ಮುಗಿಯುತ್ತಿತ್ತು ತಿಳಿದುಕೊಳ್ಳಿ. ಒಂದು ಬದಿಗೆ ಹಿಡಿಸುತ್ತಿದ್ದುದು ಇಪ್ಪತ್ತು ನಿಮಿಷ ಚಿಲ್ಲರೆ, ಅಲ್ಲಿ ಕೇಳುಗ ಎದ್ದು ರೆಕಾರ್ಡು ತಿರುಗಿಸಿ ಹಾಕಬೇಕಿತ್ತು. ‘ದ ಡಾರ್ಕ್ ಸೈಡ್’ನಲ್ಲಿ ಗಾಯಕಿ ಕ್ಲೇರ್ ಟೋರಿ ಅವರ ಪದವಿಲ್ಲದ ಆಲಾಪ ಮುಗಿದು ನಾಣ್ಯದ ಝಣಝಣ ಶುರುವಾಗುವ ಜಾಗ ಅದು. ಇಂದು ಆ್ಯಪಿನಲ್ಲಿ ಆ ಎರಡರ ನಡುವೆ ಉಸಿರಿಗೂ ಜಾಗವಿಲ್ಲ.

ಕೆಂಡ್ರಿಕ್ ಲಮಾರ್ ಅವರ ‘ಡ್ಯಾಮ್’ (2017) ಈ ಹೆಜ್ಜೆಗೆ ಒಳ್ಳೆಯ ಪರೀಕ್ಷೆ. ಕೊನೆಯ ಟ್ರ್ಯಾಕಿನ ತುದಿಯಲ್ಲಿ ಟೇಪು ಹಿಂದಕ್ಕೆ ಓಡಿ ಆಲ್ಬಮ್ಮಿನ ಮೊದಲ ಮಾತಿಗೆ ಬಂದು ನಿಲ್ಲುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಹಾಡುಗಳ ಕ್ರಮವನ್ನು ತಲೆಕೆಳಗು ಮಾಡಿದ ಆವೃತ್ತಿಯನ್ನೂ ತಂದರು. ಎರಡೂ ಕೇಳಿ. ನನಗೆ ಉಲ್ಟಾ ಕ್ರಮದಲ್ಲಿ ಅಂತ್ಯ ಹೆಚ್ಚು ಚುಚ್ಚಿತು, ಆದರೆ ನಡುಭಾಗ ಜಾಳಾಯಿತು. 2018ರಲ್ಲಿ ಇದಕ್ಕೆ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. ಶಾಸ್ತ್ರೀಯ ಮತ್ತು ಜಾಜ್ ಆಚೆಗಿನ ಕೃತಿಗೆ ಅದು ಸಿಕ್ಕಿದ್ದು ಅದೇ ಮೊದಲು. ಪ್ರಶಸ್ತಿ ಬಂದ ಮಾತ್ರಕ್ಕೆ ನಡುಭಾಗದ ಜಾಳು ಹೋಗಲಿಲ್ಲ.

ರ‍್ಯಾಪ್ ಬೀಟ್ ಕಟ್ಟುತ್ತಿದ್ದ ಜೆ ಡಿಲ್ಲಾ ಅವರ ‘ಡೋನಟ್ಸ್’ (2006) ಇನ್ನೊಂದು ತುದಿ. 31 ಟ್ರ್ಯಾಕು, ಹೆಚ್ಚಿನವು ಎರಡು ನಿಮಿಷವೂ ಇಲ್ಲ. ಬಿಡುಗಡೆಯಾದದ್ದು ಅವರ 32ನೇ ಹುಟ್ಟುಹಬ್ಬದ ದಿನ, ಮೂರು ದಿನದ ನಂತರ ಅವರು ತೀರಿಕೊಂಡರು. ಈ ಸಂಗತಿ ತಿಳಿದ ಮೇಲೆ ಪ್ರತಿ ತುಣುಕೂ ವಿದಾಯದಂತೆ ಕೇಳಿಸಿಬಿಡುತ್ತದೆ. ಹಾಗಾಗಿ ಇಂಥ ಮಾಹಿತಿಯೂ ಮೊದಲ ಸಲಕ್ಕೆ ಬೇಡ. ಮರುಕ ಯಾವುದು, ಮೆಚ್ಚುಗೆ ಯಾವುದು ಎಂದು ಬೇರ್ಪಡಿಸುವುದು ಆಮೇಲೆ ಕಷ್ಟ.

5. ಬರೆಯುವುದು

ಐದೇ ಸಾಲು. ಹೆಚ್ಚು ಬರೆದರೆ ವಿಶೇಷಣಗಳು ಸೇರಿಕೊಳ್ಳುತ್ತವೆ. ‘ಕಿಡ್ ಎ’ ಬಗ್ಗೆ ನನ್ನ ಹಳೆಯ ಪುಟದ ಒಂದು ಸಾಲು ಹೀಗಿತ್ತು: ‘ನಡುವೆ ಒಂದು ವೇಸ್ಟ್ ಟ್ರ್ಯಾಕ್ ಇದೆ, ಡೀಪ್ ಅಂತ ತೋರಿಸಿಕೊಳ್ಳೋಕೆ ಹಾಕಿದ್ದಾರೆ.’ ಇದರಲ್ಲಿ ಆಲ್ಬಮ್ಮಿನ ಸುದ್ದಿ ಏನೂ ಇಲ್ಲ, ನನ್ನ ಸಿಡುಕು ಮಾತ್ರ ಇದೆ. ಮೂರನೆಯ ಸಲದ ನಂತರ ಅದನ್ನು ಹೊಡೆದುಹಾಕಿ ಹೀಗೆ ಬರೆದೆ: ‘ಐದನೆಯ ಟ್ರ್ಯಾಕಿನಲ್ಲಿ ಬೀಟ್ ಇಲ್ಲ, ದನಿ ಇಲ್ಲ. ಕೀಬೋರ್ಡ್ ಅನ್ನಿಸುವ ಸದ್ದು ನಿಜಕ್ಕೂ ಗಿಟಾರ್. ನಾಲ್ಕರ ತುಂಬಿದ ತಂತಿವಾದ್ಯಗಳಿಗೂ ಆರರ ಗಿಟಾರಿಗೂ ನಡುವೆ ಕಿವಿ ತೊಳೆದ ಹಾಗಾಗುತ್ತದೆ. ಒಂಟಿಯಾಗಿ ಇದನ್ನು ನಾನು ಯಾವತ್ತೂ ಹಾಕುವುದಿಲ್ಲ.’ ಕೊನೆಯ ವಾಕ್ಯ ಈಗಲೂ ದೂರೇ. ಆದರೆ ಓದಿದವರು ಹೋಗಿ ಕೇಳಿ ‘ನೀನು ಹೇಳಿದ್ದು ತಪ್ಪು’ ಎನ್ನಬಹುದು. ಜಗಳಕ್ಕೊಂದು ಜಾಗ ಸಿಕ್ಕಿತು.

ಬರೆದ ಮೇಲೆ ‘ಅದ್ಭುತ’, ‘ಮಾಸ್ಟರ್‌ಪೀಸ್’, ‘ಓವರ್‌ರೇಟೆಡ್’ ಇದ್ದರೆ ಹೊಡೆದುಹಾಕಿ. ಸಾಲು ಆಗಲೂ ನಿಂತರೆ ಸರಿ.

6. ಅಂಕ ಕೊಡಬೇಕೇ?

ಕೊಡುವವರು ಕೊಡಲಿ. ಅಮೆರಿಕದ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 1969ರಿಂದ ಶಾಲೆಯ ಮಾಸ್ತರರಂತೆ ಎ, ಬಿ, ಸಿ ಕೊಡುತ್ತಾ ಬಂದರು. ಪಿಚ್‌ಫೋರ್ಕ್ ಎಂಬ ವಿಮರ್ಶೆಯ ಜಾಲತಾಣ ಹತ್ತಕ್ಕೆ ದಶಮಾಂಶದ ಸಮೇತ ಅಳೆಯುತ್ತದೆ. ಡ್ಯಾಫ್ಟ್ ಪಂಕ್‌ನ ‘ಡಿಸ್ಕವರಿ’ಗೆ 2001ರಲ್ಲಿ ಅಲ್ಲಿ ಸಿಕ್ಕಿದ್ದು 6.4. 2021ರಲ್ಲಿ ಹಳೆಯ ಅಂಕಗಳನ್ನು ತಿದ್ದಲು ಕೂತಾಗ ಅದೇ ಆಲ್ಬಮ್ಮಿಗೆ 10 ಕೊಟ್ಟರು. ಆಲ್ಬಮ್ಮಿನ ಒಂದು ಸ್ವರವೂ ಬದಲಾಗಿರಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮೂರೇ ಗುರುತು: ಪೂರ್ತಿ ಮತ್ತೆ ಹಾಕುವೆ, ಎರಡು ಹಾಡಿಗೆ ಬರುವೆ, ಸಾಕು. ಬೇರೆಯವರ ವಿಮರ್ಶೆ ಓದಲು ಈಗ ಅಡ್ಡಿಯಿಲ್ಲ. ನಿಮಗೆ ಕೇಳಿಸದ ಯಾವುದನ್ನು ಅವರು ಕೇಳಿದ್ದಾರೆ ಎಂಬಷ್ಟಕ್ಕೆ ಓದಿ. ಅಂಕ ನೋಡಿ ನಿಮ್ಮ ಸಾಲು ತಿದ್ದಬೇಡಿ.

7. ತಾರೀಖು ಹಾಕಿ, ಆರು ತಿಂಗಳು ಬಿಟ್ಟು ಬನ್ನಿ

ಹಳೆಯ ಸಾಲು ಅಳಿಸಬೇಡಿ, ಕೆಳಗೆ ಹೊಸದು ಬರೆಯಿರಿ. ಎಲೆಕ್ಟ್ರಾನಿಕ್ ಸಂಗೀತಗಾರ ಬರಿಯಲ್ ಅವರ ‘ಅನ್‌ಟ್ರೂ’ (2007) ಪುಟದಲ್ಲಿ ನನ್ನ ಮೂರು ಸಾಲುಗಳಿವೆ.

ಮೊದಲನೆಯದು: ‘ಎಲ್ಲ ಹಾಡಿನ ಹಿಂದೆಯೂ ಚರಚರ ಸದ್ದು. ಫೈಲ್ ಕೆಟ್ಟಿದೆಯೇ?’

ಆರು ತಿಂಗಳ ನಂತರ: ‘ಚರಚರ ಬೇಕೆಂದೇ ಇಟ್ಟದ್ದು, ಹಳೇ ರೆಕಾರ್ಡಿನದು. ಡ್ರಮ್ ತಾಳಕ್ಕೆ ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಆಚೀಚೆ. ಕಾಲು ತಟ್ಟಲು ಹೋದರೆ ಎಡವುತ್ತೇನೆ.’

ಎರಡು ವರ್ಷದ ನಂತರ, ರಾತ್ರಿ ಹನ್ನೊಂದೂವರೆಗೆ: ‘ಈಗ ಎಡವುವುದಿಲ್ಲ. ಆದರೆ ಕೊನೆಯ ಮೂರು ಟ್ರ್ಯಾಕ್ ಬಗ್ಗೆ ಇನ್ನೂ ಅನುಮಾನ ಇದೆ, ಹೆಡ್‌ಫೋನ್ ಬದಲಿಸಿ ನೋಡಬೇಕು.’